ಕುಣಿಕೆ ಎಣಿಸಲು ಬರುವಷ್ಟು: ವಿಡಿಯೊದ ಗಾತ್ರ ಇಳಿಸುವಾಗ ಉಳಿಸಿಕೊಳ್ಳಬೇಕಾದದ್ದು

ನಮ್ಮ ದೊಡ್ಡಮ್ಮನದು ಉಣ್ಣೆಯ ಹೆಣಿಗೆಯಲ್ಲಿ ಪಳಗಿದ ಕೈ. ತಮಗೆ ತಿಳಿದ ನಮೂನೆಗಳನ್ನು ಅವರು ಎಲ್ಲಿಯೂ ಬರೆದಿಟ್ಟವರಲ್ಲ. ಅವೆಲ್ಲ ಅವರ ಬೆರಳುಗಳಲ್ಲೇ ಇವೆ. ಅವನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಆಸೆಯಿಂದ ಎರಡು ಸಂಜೆ ಅವರ ಎದುರು ಸ್ಟ್ಯಾಂಡಿನ ಮೇಲೆ ಫೋನನ್ನು ನಿಲ್ಲಿಸಿ, ಅವರು ಹೆಣೆಯುತ್ತ ಒಂದೊಂದು ಸಾಲನ್ನೂ ವಿವರಿಸುವುದನ್ನು 4ಕೆ ರೆಸಲ್ಯೂಶನ್ನಿನಲ್ಲಿ ಚಿತ್ರೀಕರಿಸಿದೆ. ಮೊದಲ ಸಂಜೆಯ ವಿಡಿಯೊ 1 ಗಂಟೆ 40 ನಿಮಿಷದ್ದು. ಗಾತ್ರ ಸುಮಾರು 36 ಜಿಬಿ. ಮುಂದಿನ ಕಂತಿಗೆ ಫೋನಿನಲ್ಲಿ ಜಾಗ ಸಾಲದೆಂದು, ಒಂದು ಗುಂಡಿ ಒತ್ತಿದರೆ ವಿಡಿಯೊವನ್ನು ಚಿಕ್ಕದಾಗಿಸುವ ಆಪ್ ಒಂದನ್ನು ಹಾಕಿಕೊಂಡು ಫೈಲನ್ನು ಅದಕ್ಕೆ ಒಪ್ಪಿಸಿದೆ. ಹೊರಬಂದದ್ದು 700 ಎಂಬಿ. ಮೊದಲ ಎರಡು ನಿಮಿಷ ನೋಡಿದೆ, ಚೆನ್ನಾಗಿಯೇ ಇತ್ತು. ಮೂಲವನ್ನು ಅಳಿಸಿದೆ.

ಕೆಲವು ವಾರಗಳ ನಂತರ ದೊಡ್ಡಮ್ಮನ ಪಕ್ಕದಲ್ಲಿ ಕುಳಿತು ಅದನ್ನು ಪೂರ್ತಿಯಾಗಿ ನೋಡುವಾಗ, ಐವತ್ತನೆಯ ನಿಮಿಷದ ಹೊತ್ತಿಗೆ ನನ್ನ ಎದೆ ಧಸಕ್ಕೆಂದಿತು. ಕಿಟಕಿಯ ಬೆಳಕು ಇಳಿಯುತ್ತ ಬಂದಂತೆ ಹಿಂದಿನ ಗೋಡೆ ಸಣ್ಣ ಸಣ್ಣ ಚೌಕಗಳಾಗಿ ಒಡೆದಿತ್ತು; ದೊಡ್ಡಮ್ಮ ತೋಳು ಅಲುಗಿಸಿದಾಗಲೆಲ್ಲ ಆ ಚೌಕಗಳು ಅವರ ಮೊಣಕೈಯ ಸುತ್ತ ತೆವಳುತ್ತಿದ್ದವು. ಕಡುನೀಲಿ ಉಣ್ಣೆಯ ಮೇಲಿನ ನವಿರು ಎಳೆಗಳೆಲ್ಲ ಮಾಯವಾಗಿ, ಹೆಣೆದ ಪಟ್ಟಿ ಮೇಣ ಸವರಿದ ಹಾಗೆ ನುಣ್ಣಗಾಗಿತ್ತು. ಅವರು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, “ಕೈ ಕಾಣುತ್ತೆ, ಕುಣಿಕೆ ಕಾಣೋದಿಲ್ಲವಲ್ಲ” ಎಂದರು. ಅವರ ಬಾಯಿಂದ ಬಂದ ಆ ಮಾತಿಗಿಂತ ನಿಖರವಾದ ಗುಣಮಟ್ಟದ ಪರೀಕ್ಷೆಯನ್ನು ನಾನು ಮುಂದೆ ಯಾವ ತಾಂತ್ರಿಕ ಬರಹದಲ್ಲಿಯೂ ಕಾಣಲಿಲ್ಲ. ಆ ವಿಡಿಯೊ ಇರುವುದೇ ಕುಣಿಕೆಗಳನ್ನು ಎಣಿಸುವುದಕ್ಕಾಗಿ. ಅದು ಸಾಧ್ಯವಾಗದಿದ್ದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಆ ಫೈಲ್ ವ್ಯರ್ಥ; ಅದು ಸಾಧ್ಯವಾದರೆ ಉಳಿದದ್ದರಲ್ಲಿ ಎಷ್ಟನ್ನು ಬಿಟ್ಟುಕೊಟ್ಟರೂ ನಷ್ಟವಿಲ್ಲ. ಗಾತ್ರ ಇಳಿಸುವುದೆಂದರೆ ಏನನ್ನಾದರೂ ಬಿಟ್ಟುಕೊಡುವುದೇ ಆದ್ದರಿಂದ, ಏನನ್ನು ಬಿಡಲಾಗದು ಎಂಬುದನ್ನು ನಾವೇ ಮೊದಲು ಗೊತ್ತುಮಾಡಿಕೊಳ್ಳಬೇಕು. ಇಲ್ಲವಾದರೆ ಅದನ್ನು ಎನ್‌ಕೋಡರ್, ಅಂದರೆ ವಿಡಿಯೊವನ್ನು ಕುಗ್ಗಿಸಿ ಬರೆಯುವ ವ್ಯವಸ್ಥೆ, ಗೊತ್ತುಮಾಡುತ್ತದೆ, ಮತ್ತು ಎನ್‌ಕೋಡರಿಗೆ ಕುಣಿಕೆಯೂ ಗೋಡೆಯೂ ಒಂದೇ.

ಎರಡನೆಯ ಸಂಜೆಯ ಮೂಲ ಫೈಲ್ ಅದೃಷ್ಟವಶಾತ್ ಉಳಿದಿತ್ತು. ಅದನ್ನು ಸರಿಯಾಗಿ ಇಳಿಸಲು ಹೋಗಿ ಕಲಿತ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಲೆಕ್ಕ ನೋಡೋಣ. 1080ಪಿ ವಿಡಿಯೊದ ಒಂದು ಫ್ರೇಮಿನಲ್ಲಿ 1920 ಅಡ್ಡ, 1080 ಉದ್ದ, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಪ್ರತಿ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಹಿಡಿದರೆ ಒಂದು ಫ್ರೇಮಿಗೆ 6.2 ಎಂಬಿ, ಸೆಕೆಂಡಿಗೆ 30 ಫ್ರೇಮಿನಂತೆ 186 ಎಂಬಿ, ಒಂದು ನಿಮಿಷಕ್ಕೆ 11 ಜಿಬಿಗೂ ಹೆಚ್ಚು. 4ಕೆಯಲ್ಲಿ ಇದರ ನಾಲ್ಕು ಪಟ್ಟು. ನನ್ನ ಫೋನ್ 1 ಗಂಟೆ 40 ನಿಮಿಷವನ್ನು 36 ಜಿಬಿಯಲ್ಲಿ ಅಡಗಿಸಿತ್ತೆಂದರೆ, ನಾನು ‘ಮೂಲ’ ಎಂದು ಕರೆಯುತ್ತಿದ್ದ ಆ ಫೈಲೇ ಆಗಲೇ ನೂರಕ್ಕೂ ಹೆಚ್ಚು ಪಟ್ಟು ಕುಗ್ಗಿದ್ದು. ಇದನ್ನು ಅರಿತುಕೊಳ್ಳುವುದು ಮುಖ್ಯ, ಏಕೆಂದರೆ ನಾವು ಮಾಡುವುದು ಮೊದಲ ಸಂಕೋಚನವಲ್ಲ, ಎರಡನೆಯದು. ಜೆರಾಕ್ಸ್ ಪ್ರತಿಯ ಜೆರಾಕ್ಸ್ ಇದ್ದಂತೆ, ಮೊದಲನೆಯದರ ಕಲೆಗಳನ್ನೂ ಎರಡನೆಯದು ಚಿತ್ರದ ಭಾಗವೆಂದೇ ತಿಳಿದು ಬಿಟ್‌ಗಳನ್ನು ಖರ್ಚುಮಾಡಿ ಉಳಿಸುತ್ತದೆ. ಆದ್ದರಿಂದ ಎಷ್ಟು ಸಲ ಪ್ರಯೋಗ ಮಾಡಿದರೂ ಪ್ರತಿ ಸಲವೂ ಮೂಲದಿಂದಲೇ ಆರಂಭಿಸಬೇಕು. ಇಳಿಸಿದ್ದನ್ನು ಮತ್ತೆ ಇಳಿಸಬಾರದು. ವಿಡಿಯೊವನ್ನು ಜಿಪ್ ಮಾಡಿದರೆ ಗಾತ್ರ ಇಳಿಯದಿರುವುದಕ್ಕೂ ಇದೇ ಕಾರಣ: ಜಿಪ್ ಹುಡುಕುವ ಪುನರಾವೃತ್ತಿಗಳನ್ನೆಲ್ಲ ವಿಡಿಯೊ ಕೋಡೆಕ್ (ವಿಡಿಯೊವನ್ನು ಕುಗ್ಗಿಸಿ, ನೋಡುವಾಗ ಮತ್ತೆ ಬಿಡಿಸುವ ವಿಧಾನ) ಆಗಲೇ ಹಿಂಡಿ ತೆಗೆದಿರುತ್ತದೆ.

ಈ ಹಿಂಡುವಿಕೆ ನಡೆಯುವ ಬಗೆ ತಿಳಿದರೆ ಮುಂದಿನ ಆಯ್ಕೆಗಳೆಲ್ಲ ಸುಲಭವಾಗುತ್ತವೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸದು; ಹಾಗಾಗಿ ಬೆಳಕಿನ ಮಾಹಿತಿಯನ್ನು ಪ್ರತಿ ಪಿಕ್ಸೆಲ್ಲಿಗೂ ಇಟ್ಟುಕೊಂಡು, ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲ್‌ಗಳ ಚೌಕಕ್ಕೆ ಒಂದರಂತೆ ಇಡುತ್ತಾರೆ. ಅಲ್ಲಿಗೆ ಅರ್ಧ ಮಾಹಿತಿ ಹೋಯಿತು, ಯಾರಿಗೂ ತಿಳಿಯಲಿಲ್ಲ. ಮುಂದೆ, ಒಂದು ಫ್ರೇಮಿಗೂ ಅದರ ಹಿಂದಿನದಕ್ಕೂ ವ್ಯತ್ಯಾಸ ಕಡಿಮೆ ಇರುವುದರಿಂದ, ಆಗೊಂದು ಈಗೊಂದು ಫ್ರೇಮನ್ನು ಮಾತ್ರ ಪೂರ್ಣವಾಗಿ ಬರೆದು, ನಡುವಿನವುಗಳಿಗೆ ‘ಈ ತುಣುಕು ಹಿಂದಿನ ಫ್ರೇಮಿನ ಇಂಥ ಜಾಗದಿಂದ ಇಷ್ಟು ಸರಿದಿದೆ’ ಎಂಬ ಸೂಚನೆಯನ್ನೂ ಉಳಿದ ಅಲ್ಪ ವ್ಯತ್ಯಾಸವನ್ನೂ ಬರೆಯುತ್ತಾರೆ. ಸ್ಟ್ಯಾಂಡಿನ ಮೇಲೆ ಕದಲದೆ ನಿಂತ ಕ್ಯಾಮೆರಾದ ವಿಡಿಯೊ, ಕೈಯಲ್ಲಿ ಹಿಡಿದು ನಡುಗುವ ಕ್ಯಾಮೆರಾದ ವಿಡಿಯೊಕ್ಕಿಂತ ಎಷ್ಟೋ ಚಿಕ್ಕದಾಗುವುದು ಇದರಿಂದಲೇ.

ಉಳಿದ ಆ ವ್ಯತ್ಯಾಸವನ್ನು ಚೌಕ ಚೌಕವಾಗಿ ತೆಗೆದುಕೊಂಡು, ಪಿಕ್ಸೆಲ್‌ಗಳ ಬದಲು ನಿಧಾನವಾದ ಮತ್ತು ತೀವ್ರವಾದ ಏರಿಳಿತಗಳ ಮೊತ್ತವಾಗಿ ಬರೆಯುವ ಗಣಿತವಿದೆ. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಇದನ್ನು ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ 1974ರಲ್ಲಿ ಪ್ರಕಟಿಸಿದರು. ಜೆಪೆಗ್ ಚಿತ್ರದಿಂದ ಇಂದಿನ ವಿಡಿಯೊಗಳವರೆಗೆ ಇದು ಅಥವಾ ಇದರ ಬಳಗದ್ದೇ ಒಂದು ಗಣಿತ ದುಡಿಯುತ್ತಿದೆ. ಹೀಗೆ ಬೇರ್ಪಡಿಸಿದ ಮೇಲೆ ಪ್ರತಿ ಅಂಶವನ್ನೂ ಒಂದು ಸಂಖ್ಯೆಯಿಂದ ಭಾಗಿಸಿ ಪೂರ್ಣಾಂಕಕ್ಕೆ ಇಳಿಸುತ್ತಾರೆ. ನಷ್ಟವೆಂಬುದು ನಡೆಯುವುದು ಬಹುಪಾಲು ಈ ಒಂದು ಹೆಜ್ಜೆಯಲ್ಲಿ. ಭಾಜಕ ದೊಡ್ಡದಾದಷ್ಟೂ ಸಣ್ಣ ಅಂಶಗಳು ಸೊನ್ನೆಯಾಗುತ್ತವೆ, ಫೈಲ್ ಕುಗ್ಗುತ್ತದೆ. ಮೊದಲು ಸೊನ್ನೆಯಾಗುವುದು ತೀವ್ರ ಏರಿಳಿತದ ಸಣ್ಣ ವಿವರಗಳು, ಅಂದರೆ ಉಣ್ಣೆಯ ನವಿರು. ಇನ್ನೂ ಹಿಂಡಿದರೆ ಚೌಕದಲ್ಲಿ ಉಳಿಯುವುದು ಒಂದು ಸರಾಸರಿ ಬಣ್ಣ ಮಾತ್ರ. ಪಕ್ಕದ ಚೌಕದ ಸರಾಸರಿ ತುಸು ಬೇರೆಯಿದ್ದರೆ ಅಂಚು ಎದ್ದು ಕಾಣುತ್ತದೆ. ದೊಡ್ಡಮ್ಮನ ಹಿಂದಿನ ಗೋಡೆ ಒಡೆದದ್ದು ಹೀಗೆ.

ಹಾಗಾದರೆ ಮೊದಲ ಎರಡು ನಿಮಿಷ ಏಕೆ ಚೆನ್ನಾಗಿತ್ತು? ಬೆಳಕಿತ್ತು, ಅದಕ್ಕೆ. ಬೆಳಕು ಕಡಿಮೆಯಾದಾಗ ಫೋನ್ ತನ್ನ ಸೆನ್ಸರಿನ ಸಂಕೇತವನ್ನು ಹಿಗ್ಗಿಸುತ್ತದೆ, ಅದರೊಂದಿಗೆ ನಾಯ್ಸ್ ಕೂಡ ಹಿಗ್ಗುತ್ತದೆ: ಚಿತ್ರದ ತುಂಬ ಫ್ರೇಮಿನಿಂದ ಫ್ರೇಮಿಗೆ ಬದಲಾಗುವ ಸಣ್ಣ ಚುಕ್ಕೆಗಳ ಕುದಿತ. ಈ ಕುದಿತಕ್ಕೆ ಹಿಂದಿನ ಫ್ರೇಮ್ ಯಾವ ಸುಳಿವನ್ನೂ ಕೊಡದು, ಆದ್ದರಿಂದ ಎನ್‌ಕೋಡರ್ ಪ್ರತಿ ಫ್ರೇಮಿನಲ್ಲಿಯೂ ಅದನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಕಣ್ಣಿಗೆ ಕದಲದ ಗೋಡೆಯಂತೆ ತೋರುವುದು ಎನ್‌ಕೋಡರಿಗೆ ಇಡೀ ಚಿತ್ರದಲ್ಲೇ ಅತಿ ಹೆಚ್ಚು ಚಲನೆಯಿರುವ ಜಾಗ. ಆ ಆಪ್ 700 ಎಂಬಿ ಎಂದು ಗಾತ್ರವನ್ನು ನಿಗದಿಪಡಿಸಿಕೊಂಡಿತ್ತು. 6000 ಸೆಕೆಂಡಿಗೆ ಹಂಚಿದರೆ, ಒಂದು ಬೈಟಿಗೆ 8 ಬಿಟ್‌ನಂತೆ, ಧ್ವನಿಯೂ ಸೇರಿ ಸೆಕೆಂಡಿಗೆ 0.93 ಮೆಗಾಬಿಟ್. ಬೆಳಕಿನ ನಿಮಿಷಗಳಿಗೆ ಅದು ಹೇಗೋ ಸಾಕಾಯಿತು, ಮುಸ್ಸಂಜೆಯ ನಿಮಿಷಗಳಿಗೆ ಅದರ ಎಷ್ಟೋ ಪಟ್ಟು ಬೇಕಿತ್ತು.

ಗಾತ್ರವೆಂದರೆ ಬಿಟ್‌ರೇಟ್ (ಒಂದು ಸೆಕೆಂಡಿಗೆ ಬಳಕೆಯಾಗುವ ಬಿಟ್‌ಗಳು) ಗುಣಿಸು ಅವಧಿ, ಅಷ್ಟೇ. ಸೆಕೆಂಡಿಗೆ 8 ಮೆಗಾಬಿಟ್ ಎಂದರೆ ಸೆಕೆಂಡಿಗೆ 1 ಎಂಬಿ, ಗಂಟೆಗೆ 3.6 ಜಿಬಿ, ರೆಸಲ್ಯೂಶನ್ ಎಷ್ಟೇ ಇರಲಿ, ಕೋಡೆಕ್ ಯಾವುದೇ ಇರಲಿ, ಈ ಲೆಕ್ಕ ಬದಲಾಗದು. ಹಾಗೆಂದು ಬಿಟ್‌ರೇಟನ್ನು ನಾವೇ ಊಹಿಸಿ ಕೊಡುವುದು ನನ್ನ ಅಭಿಪ್ರಾಯದಲ್ಲಿ ತಪ್ಪು ತುದಿಯಿಂದ ಕೆಲಸ ಶುರುಮಾಡಿದಂತೆ. ಸುಲಭ ದೃಶ್ಯಕ್ಕೆ ಅದು ಪೋಲು, ಕಷ್ಟದ ದೃಶ್ಯಕ್ಕೆ ಸಾಲದು. ಗುಣಮಟ್ಟವನ್ನು ನಿಗದಿಪಡಿಸಿ, ಬಿಟ್‌ರೇಟನ್ನು ದೃಶ್ಯದ ಅಗತ್ಯಕ್ಕೆ ಬಿಡುವ ವಿಧಾನವೊಂದಿದೆ. ಆಜ್ಞೆಗಳನ್ನು ಟೈಪ್ ಮಾಡಿ ನಡೆಸುವ ಎಫ್‌ಎಫ್‌ಎಂಪೆಗ್‌ನಲ್ಲಿ ಅದನ್ನು ಸಿಆರ್‌ಎಫ್ ಎನ್ನುತ್ತಾರೆ. ಹ್ಯಾಂಡ್‌ಬ್ರೇಕ್‌ನಲ್ಲಿ ವಿಡಿಯೊ ಪುಟದ ಕಾನ್‌ಸ್ಟಂಟ್ ಕ್ವಾಲಿಟಿ ಎಂಬ ಜಾರುಗುಂಡಿ ಅದೇ. ಎರಡೂ ಉಚಿತ ತಂತ್ರಾಂಶಗಳು. ಆಜ್ಞೆಗಳನ್ನು ಟೈಪ್ ಮಾಡಲು ಹಿಂಜರಿಯುವವರು ಹ್ಯಾಂಡ್‌ಬ್ರೇಕ್ ಹಿಡಿಯುವುದು ಒಳ್ಳೆಯದು; ಇಲ್ಲಿ ಹೇಳುತ್ತಿರುವ ಬಹುತೇಕ ಎಲ್ಲವೂ ಅದರಲ್ಲಿ ಸಾಧ್ಯ.

ಸಿಆರ್‌ಎಫ್ ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಫೈಲ್ ದೊಡ್ಡದು. ಎಚ್.264 ಎಂಬ ಕೋಡೆಕ್‌ನ ವಿಡಿಯೊ ತಯಾರಿಸುವ ಎಕ್ಸ್264 ಎನ್‌ಕೋಡರಿನಲ್ಲಿ ಇದು 0ಯಿಂದ 51ರವರೆಗೆ ಇರುತ್ತದೆ; ನಾವು ಏನೂ ಹೇಳದಿದ್ದರೆ ಅದು 23 ಹಿಡಿಯುತ್ತದೆ. 18ರ ಆಸುಪಾಸಿನಲ್ಲಿ ಮೂಲಕ್ಕೂ ಪ್ರತಿಗೂ ವ್ಯತ್ಯಾಸವನ್ನು ಕಣ್ಣು ಹಿಡಿಯುವುದು ಬಹಳ ಕಷ್ಟ. 28 ದಾಟಿದರೆ ಹೆಚ್ಚಿನವರಿಗೆ ಕಾಣುತ್ತದೆ. ಸಂಖ್ಯೆಯನ್ನು 6 ಏರಿಸಿದರೆ ಗಾತ್ರ ಸ್ಥೂಲವಾಗಿ ಅರ್ಧಕ್ಕೆ ಇಳಿಯುತ್ತದೆ. ಒಂದು ಎನ್‌ಕೋಡರಿನ ಸಂಖ್ಯೆಯನ್ನು ಇನ್ನೊಂದಕ್ಕೆ ಹಾಗೆಯೇ ಒಯ್ಯಬಾರದು: ಎಚ್.265ರ ಎಕ್ಸ್265 ತಾನಾಗಿ ಹಿಡಿಯುವ ಸಂಖ್ಯೆ 28, ಎವಿ1ರ ಎನ್‌ಕೋಡರುಗಳಲ್ಲಿ ಅಳತೆಗೋಲೇ 63ರವರೆಗೆ ಹೋಗುತ್ತದೆ. 4ಕೆ ವಿಡಿಯೊಗೆ 1080ಪಿಗಿಂತ ಒಂದೆರಡು ಅಂಕ ಹೆಚ್ಚಿಟ್ಟರೂ ನಡೆಯುತ್ತದೆ, ಏಕೆಂದರೆ ಅಲ್ಲಿ ಪಿಕ್ಸೆಲ್ ಚಿಕ್ಕದು, ದೋಷವೂ ಚಿಕ್ಕದಾಗಿ ಕಾಣುತ್ತದೆ.

ಸರಿಯಾದ ಸಂಖ್ಯೆ ಯಾವುದೆಂದು ಕೇಳಿದರೆ ನಾನು ಒಂದು ಸಂಖ್ಯೆ ಹೇಳಲಾರೆ. ಹುಡುಕುವ ದಾರಿಯನ್ನು ಹೇಳಬಲ್ಲೆ. ವಿಡಿಯೊದ ಅತಿ ಕಷ್ಟದ ನಿಮಿಷವನ್ನು ಮೊದಲು ಹುಡುಕಿ. ಅದು ಸಾಮಾನ್ಯವಾಗಿ ಕತ್ತಲೆಯ ಕೋಣೆ, ನೀರಿನ ಮೇಲ್ಮೈ, ಗಾಳಿಗೆ ಅಲುಗುವ ಎಲೆಗಳು, ಜನಜಂಗುಳಿ, ಹೊಗೆ, ನಿಧಾನವಾಗಿ ಬಣ್ಣ ಬದಲಿಸುವ ಆಕಾಶ, ಅಥವಾ ಕ್ಯಾಮೆರಾ ಸರಕ್ಕನೆ ತಿರುಗಿದ ಕ್ಷಣ. ಆ ಒಂದು ನಿಮಿಷವನ್ನು ಮಾತ್ರ ಬೇರೆ ಬೇರೆ ಸಂಖ್ಯೆಗಳಲ್ಲಿ, 20, 23, 26 ಎಂಬಂತೆ, ಇಳಿಸಿ. ದೊಡ್ಡಮ್ಮನ ಎರಡನೆಯ ವಿಡಿಯೊದಲ್ಲಿ ನಾನು ಆರಿಸಿಕೊಂಡದ್ದು ಅರವತ್ತೆಂಟನೆಯ ನಿಮಿಷ: ಕೋಣೆ ಮಬ್ಬಾಗಿದೆ, ಅವರು ನೀಲಿ ಪಟ್ಟಿಯನ್ನು ಕ್ಯಾಮೆರಾಕ್ಕೆ ಹತ್ತಿರ ಹಿಡಿದು ಕಡ್ಡಿಯ ತುದಿಯಿಂದ ಒಂದೊಂದು ಕುಣಿಕೆಯನ್ನೂ ಮುಟ್ಟಿ ಎಣಿಸುತ್ತಿದ್ದಾರೆ. ಮೂರೂ ಪ್ರತಿಗಳನ್ನು ಹೆಸರು ಮರೆಮಾಡಿ ಅವರಿಗೆ ತೋರಿಸಿದೆ. 26ರಲ್ಲಿ ಎಣಿಸುವಾಗ ಅವರು ಹನ್ನೊಂದಕ್ಕೆ ತಡವರಿಸಿದರು. 23ರಲ್ಲಿ ಎಣಿಸಿದರು, ಆದರೆ ಎರಡು ಸಲ ನೋಡಿ. 20ರಲ್ಲಿ ಕಡ್ಡಿಯ ವೇಗಕ್ಕೆ ಸರಿಯಾಗಿ ಎಣಿಸುತ್ತ ಹೋದರು. ಅಲ್ಲಿಗೆ ನನಗೆ 20 ಮತ್ತು 23ರ ನಡುವೆ ನಿಲ್ಲಬೇಕೆಂದು ತಿಳಿಯಿತು.

ಹೋಲಿಸುವಾಗ ವಿಡಿಯೊವನ್ನು ನಿಲ್ಲಿಸಿ, ಹಿಗ್ಗಿಸಿ, ಫ್ರೇಮು ಫ್ರೇಮಾಗಿ ದೋಷ ಹುಡುಕುವ ಚಪಲ ಬರುತ್ತದೆ. ಅದನ್ನು ನಾನು ಬಿಟ್ಟಿದ್ದೇನೆ. ಯಾವ ಪರದೆಯಲ್ಲಿ, ಎಷ್ಟು ದೂರದಿಂದ ನೋಡಲಿದ್ದೇವೆಯೋ ಹಾಗೆಯೇ ನೋಡಬೇಕು, ಓಡುತ್ತಿರುವಾಗಲೇ ನೋಡಬೇಕು. ನಿಂತ ಫ್ರೇಮಿನಲ್ಲಿ ಕಾಣುವ ಎಷ್ಟೋ ದೋಷಗಳು ಚಲನೆಯಲ್ಲಿ ಕಾಣುವುದಿಲ್ಲ, ಮತ್ತು ಗೋಡೆಯ ಚೌಕಗಳ ತೆವಳಾಟದಂಥವು ಚಲನೆಯಲ್ಲಿ ಮಾತ್ರ ಕಾಣುತ್ತವೆ. ನೆಟ್‌ಫ್ಲಿಕ್ಸ್ 2016ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ವಿಮ್ಯಾಫ್ ಎಂಬ ಅಳತೆ ಮೂಲದೊಂದಿಗೆ ಪ್ರತಿಯನ್ನು ಹೋಲಿಸಿ 100ಕ್ಕೆ ಅಂಕ ಕೊಡುತ್ತದೆ. ಸಾವಿರಾರು ವಿಡಿಯೊಗಳನ್ನು ಒಮ್ಮೆಗೇ ಸಂಸ್ಕರಿಸುವವರಿಗೆ ಅದು ಬೇಕೇ ಬೇಕು. ನನ್ನಂಥವರು ಅದನ್ನು ಬಳಸುವುದಾದರೆ ಸರಾಸರಿ ಅಂಕವನ್ನು ನೋಡದೆ ಅತಿ ಕಡಿಮೆ ಅಂಕ ಪಡೆದ ದೃಶ್ಯವನ್ನು ಹುಡುಕಿ ಕಣ್ಣಾರೆ ನೋಡಬೇಕು, ಏಕೆಂದರೆ ನನ್ನ ಮೊದಲ ಫೈಲಿನ ಐವತ್ತು ಒಳ್ಳೆಯ ನಿಮಿಷಗಳು ಉಳಿದ ಐವತ್ತನ್ನು ಸರಾಸರಿಯಲ್ಲಿ ಸಲೀಸಾಗಿ ಮುಚ್ಚಿಹಾಕುತ್ತಿದ್ದವು.

ಕೋಡೆಕ್ ಆಯ್ಕೆಯ ಬಗ್ಗೆ ಜನ ಬಹಳ ವಾದ ಮಾಡುತ್ತಾರೆ. ನನಗದು ಅಷ್ಟು ಕ್ಲಿಷ್ಟವಾಗಿ ಕಂಡಿಲ್ಲ. 2003ರ ಎಚ್.264 ಇಂದು ಹೆಚ್ಚುಕಡಿಮೆ ಎಲ್ಲ ಫೋನು, ಟಿವಿ, ಬ್ರೌಸರುಗಳಲ್ಲಿ ಓಡುತ್ತದೆ. 2013ರ ಎಚ್.265 ಅದೇ ಗುಣಮಟ್ಟವನ್ನು ಬಹಳಷ್ಟು ಸಂದರ್ಭಗಳಲ್ಲಿ ಅರ್ಧದ ಆಸುಪಾಸಿನ ಗಾತ್ರದಲ್ಲಿ ಕೊಡಬಲ್ಲದು, ಆದರೆ ಹಳೆಯ ಸಾಧನಗಳಲ್ಲಿ ತೊದಲುತ್ತದೆ. ಅಲಯನ್ಸ್ ಫಾರ್ ಓಪನ್ ಮೀಡಿಯಾ 2018ರಲ್ಲಿ ಹೊರತಂದ ಎವಿ1 ಇನ್ನೂ ಚಿಕ್ಕದಾಗಿಸಬಲ್ಲದು, ಪರವಾನಗಿ ಶುಲ್ಕವಿಲ್ಲದ್ದು, ಆದರೆ ಎನ್‌ಕೋಡ್ ಮಾಡಲು ಹೆಚ್ಚು ಸಮಯ ಬೇಡುತ್ತದೆ ಮತ್ತು ಹೊಸ ಸಾಧನಗಳಲ್ಲಿ ಮಾತ್ರ ಹಾರ್ಡ್‌ವೇರ್ ಬೆಂಬಲ ಪಡೆದಿದೆ. ಯಾರ ಕೈಗೆ ಹೋಗುತ್ತದೆಂದು ಗೊತ್ತಿಲ್ಲದ ಫೈಲಿಗೆ ನಾನು ಎಚ್.264 ಬಳಸುತ್ತೇನೆ, ನಮ್ಮ ಬಳಿಯೇ ಉಳಿಯುವುದಕ್ಕೆ ಎಚ್.265. ಎಂಪಿ4, ಎಂಕೆವಿ ಎಂಬುವು ಕೋಡೆಕ್‌ಗಳಲ್ಲ, ಒಳಗಿನ ಚಿತ್ರ ಮತ್ತು ಧ್ವನಿಯನ್ನು ಕಟ್ಟಿಡುವ ಡಬ್ಬಿಗಳು. ಡಬ್ಬಿ ಬದಲಿಸಿದ ಮಾತ್ರಕ್ಕೆ ಗಾತ್ರ ಬದಲಾಗದು.

ಕೋಡೆಕ್‌ಗಿಂತ ಹೆಚ್ಚು ಗಮನ ಬೇಡುವುದು ಪ್ರಿಸೆಟ್. ಒಂದೇ ಕೋಡೆಕ್‌ನಲ್ಲಿ ಎನ್‌ಕೋಡರ್ ಎಷ್ಟು ತಾಳ್ಮೆಯಿಂದ ಹುಡುಕಬೇಕೆಂದು ಹೇಳುವುದು ಅದು: ಅಲ್ಟ್ರಾಫಾಸ್ಟ್‌ನಿಂದ ಮೀಡಿಯಂ, ಸ್ಲೋ, ವೆರಿಸ್ಲೋವರೆಗೆ. ನಿಧಾನವಾದ ಪ್ರಿಸೆಟ್ ಹಿಂದಿನ ಫ್ರೇಮುಗಳಲ್ಲಿ ಹೆಚ್ಚು ಜಾಗ ಹುಡುಕಿ ಹೆಚ್ಚು ಒಳ್ಳೆಯ ಹೋಲಿಕೆ ಕಂಡುಕೊಳ್ಳುತ್ತದೆ, ಹಾಗಾಗಿ ಅದೇ ಗುಣಮಟ್ಟಕ್ಕೆ ಕಡಿಮೆ ಬಿಟ್ ಸಾಕಾಗುತ್ತದೆ. ಒಮ್ಮೆ ಎನ್‌ಕೋಡ್ ಮಾಡಿ ವರ್ಷಗಟ್ಟಲೆ ಇಡುವ ಫೈಲಿಗೆ ಒಂದು ರಾತ್ರಿ ಕಂಪ್ಯೂಟರನ್ನು ದುಡಿಸುವುದು ನ್ಯಾಯವೇ. ಫೋನಿನ ಆಪ್‌ಗಳು ಸಾಮಾನ್ಯವಾಗಿ ಬಳಸುವ ಹಾರ್ಡ್‌ವೇರ್ ಎನ್‌ಕೋಡರ್ ಇದಕ್ಕೆ ತದ್ವಿರುದ್ಧ. ಅದನ್ನು ರೂಪಿಸಿರುವುದು ಚಿತ್ರೀಕರಿಸುವಾಗಲೇ, ಬ್ಯಾಟರಿ ಖರ್ಚಾಗದಂತೆ, ಬರೆದು ಮುಗಿಸಲಿಕ್ಕೆ. ವೇಗ ಅದರ ಗುಣ. ಬಹಳ ಕಡಿಮೆ ಬಿಟ್‌ರೇಟಿನಲ್ಲಿ ನಿಧಾನದ ಸಾಫ್ಟ್‌ವೇರ್ ಎನ್‌ಕೋಡರಿನ ಸಮಕ್ಕೆ ಅದು ಬರುವುದಿಲ್ಲ.

ರೆಸಲ್ಯೂಶನ್ ಇಳಿಸಲು ಹೆದರಬೇಕಿಲ್ಲ ಎಂಬುದು ನನಗೆ ತಡವಾಗಿ ಹೊಳೆದ ಸಂಗತಿ. ಬಿಟ್‌ಗಳು ಸಾಲದ 4ಕೆಗಿಂತ ಬಿಟ್‌ಗಳು ಸಾಕಷ್ಟಿರುವ 1080ಪಿ ಮೇಲು. ಮೊದಲನೆಯದರಲ್ಲಿ ಪಿಕ್ಸೆಲ್‌ಗಳಿವೆ, ಅವುಗಳೊಳಗೆ ಹೇಳುವಂಥದ್ದೇನೂ ಇಲ್ಲ. 4ಕೆಯಿಂದ 1080ಪಿಗೆ ಇಳಿಸುವಾಗ ನಾಲ್ಕು ಪಿಕ್ಸೆಲ್‌ಗಳ ಸರಾಸರಿಯಿಂದ ಒಂದು ಹುಟ್ಟುವುದರಿಂದ ನಾಯ್ಸ್ ಕೂಡ ತಾನಾಗಿ ತಗ್ಗುತ್ತದೆ, ಅದು ಇನ್ನೊಂದು ಲಾಭ. ದೊಡ್ಡಮ್ಮನ ಕೈಗಳು ಫ್ರೇಮಿನ ಬಹುಭಾಗವನ್ನು ತುಂಬಿದ್ದರಿಂದ ಕುಣಿಕೆಗಳು 1080ಪಿಯಲ್ಲಿಯೂ ಸ್ಪಷ್ಟವಾಗಿ ನಿಂತವು. ಕೋಣೆಯ ಆ ತುದಿಯಿಂದ ಚಿತ್ರೀಕರಿಸಿದ್ದರೆ ನಾನು ಈ ಮಾತನ್ನು ಹೇಳುತ್ತಿರಲಿಲ್ಲ. ಪರದೆಯ ಮೇಲಿನ ಸಣ್ಣ ಅಕ್ಷರಗಳನ್ನು ಚಿತ್ರೀಕರಿಸಿದ ಪಾಠಗಳಿಗೂ ಈ ಮಾತು ಸಲ್ಲದು. ಅಲ್ಲಿ ರೆಸಲ್ಯೂಶನ್ ಉಳಿಸಿಕೊಂಡು, ಫ್ರೇಮ್ ದರವನ್ನು 10ಕ್ಕೋ 15ಕ್ಕೋ ಇಳಿಸುವುದು ಉತ್ತಮ ಮಾರ್ಗ. ಸೆಕೆಂಡಿಗೆ 60 ಫ್ರೇಮಿನ ವಿಡಿಯೊವನ್ನು 30ಕ್ಕೆ ಇಳಿಸಿದರೆ ಗಾತ್ರ ಅರ್ಧವಾಗುತ್ತದೆಂದು ನಿರೀಕ್ಷಿಸಬೇಡಿ. ಬಿಡುವ ಫ್ರೇಮುಗಳು ಅಕ್ಕಪಕ್ಕದವುಗಳಿಗೆ ಬಹಳ ಹತ್ತಿರವಿದ್ದು ಮೊದಲೇ ಅಗ್ಗವಾಗಿರುತ್ತವೆ.

ನಾಯ್ಸ್ ತೆಗೆಯುವ ಫಿಲ್ಟರುಗಳ ವಿಷಯದಲ್ಲಿ ನಾನು ಎಚ್ಚರಿಕೆಯ ಪಕ್ಷದವನು. ಎನ್‌ಕೋಡ್ ಮಾಡುವ ಮುನ್ನ ಹಗುರವಾಗಿ ನಾಯ್ಸ್ ತೆಗೆದರೆ ಮಬ್ಬು ದೃಶ್ಯಗಳ ಗಾತ್ರ ಗಣನೀಯವಾಗಿ ಇಳಿಯುವುದು ನಿಜ. ಆದರೆ ಫಿಲ್ಟರಿಗೂ ನಾಯ್ಸ್ ಯಾವುದು, ಉಣ್ಣೆಯ ನವಿರು ಯಾವುದು ಎಂಬುದು ಪೂರ್ತಿ ತಿಳಿಯದು. ಜೋರಾಗಿ ಹಾಕಿದರೆ ಯಾವ ಮೇಣವನ್ನು ತಪ್ಪಿಸಲು ಹೊರಟೆವೋ ಅದನ್ನು ನಾವೇ ಸವರಿದಂತಾಗುತ್ತದೆ. ಅತಿ ಹಗುರವಾದ ಮಟ್ಟದಲ್ಲಿ ಹಾಕಿ, ಮತ್ತೆ ಅದೇ ಅರವತ್ತೆಂಟನೆಯ ನಿಮಿಷವನ್ನು ನೋಡಿ ಒಪ್ಪಿಕೊಂಡೆ. ಕತ್ತಲೆಯ ಗೋಡೆ, ಸಂಜೆಯ ಆಕಾಶದಂಥ ಕಡೆ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಒಡೆಯುವ ತೊಂದರೆಗೆ ಇನ್ನೊಂದು ಉಪಾಯವಿದೆ: 8 ಬಿಟ್ ಬದಲು 10 ಬಿಟ್‌ನಲ್ಲಿ ಎನ್‌ಕೋಡ್ ಮಾಡುವುದು. ಬಣ್ಣದ ಒಂದೊಂದು ಅಂಶಕ್ಕೆ 256ರ ಬದಲು 1024 ಮೆಟ್ಟಿಲುಗಳು ಸಿಗುವುದರಿಂದ ಇಳಿಜಾರು ನಯವಾಗಿ ಉಳಿಯುತ್ತದೆ, ಗಾತ್ರ ಅಷ್ಟೇನೂ ಹೆಚ್ಚದು. ಎಚ್.265ರಲ್ಲಿ 10 ಬಿಟ್ ಬಹುತೇಕ ಸಾಧನಗಳಲ್ಲಿ ಓಡುತ್ತದೆ, ಎಚ್.264ರಲ್ಲಿ ಓಡುವುದಿಲ್ಲವೆಂದೇ ತಿಳಿಯಿರಿ. ಫೋನ್ ಎಚ್‌ಡಿಆರ್‌ನಲ್ಲಿ, ಅಂದರೆ ಬೆಳಕಿನ ಹೆಚ್ಚು ವಿಸ್ತಾರವನ್ನು ಹಿಡಿಯುವ ಬಗೆಯಲ್ಲಿ, ಚಿತ್ರೀಕರಿಸಿದ್ದರೆ, ಆ ವಿಸ್ತಾರವನ್ನು ಸಾಮಾನ್ಯ ಪರದೆಗೆ ಹೊಂದಿಸುವ ಟೋನ್ ಮ್ಯಾಪಿಂಗ್ ಇಲ್ಲದೆ ಸಾಮಾನ್ಯ ವಿಡಿಯೊ ಮಾಡಿದಾಗ ಬಣ್ಣಗಳೆಲ್ಲ ಬಿಳಿಚಿಕೊಳ್ಳುತ್ತವೆ; ಅದನ್ನು ಗಾತ್ರ ಇಳಿಸಿದ ದೋಷವೆಂದು ಭಾವಿಸಿ ಸಿಆರ್‌ಎಫ್ ತಗ್ಗಿಸುತ್ತ ಕೂರಬೇಡಿ.

ಧ್ವನಿಯ ಪಾಲು ಚಿಕ್ಕದು. ಎಎಸಿ ಎಂಬ ಕೋಡೆಕ್‌ನ ಧ್ವನಿ ಸೆಕೆಂಡಿಗೆ 128 ಕಿಲೋಬಿಟ್ ಇದ್ದರೂ ಗಂಟೆಗೆ 58 ಎಂಬಿ ಮಾತ್ರ. ದೊಡ್ಡ ವಿಡಿಯೊದಲ್ಲಿ ಅದನ್ನು ಮುಟ್ಟದೆ ಹಾಗೆಯೇ ನಕಲು ಮಾಡುವುದು ಲೇಸು. ಮಾತು ಸ್ಪಷ್ಟವಾಗಿದ್ದರೆ ಚಿತ್ರದ ಸಣ್ಣಪುಟ್ಟ ಕೊರತೆಯನ್ನು ಜನ ಸಹಿಸುತ್ತಾರೆ, ಮಾತು ಒಡೆದರೆ ಏನನ್ನೂ ಸಹಿಸುವುದಿಲ್ಲ.

ಗಾತ್ರಕ್ಕೆ ನಿಜವಾಗಿಯೂ ಮಿತಿಯಿರುವ ಸಂದರ್ಭಗಳಿವೆ: 100 ಎಂಬಿ ಮೀರಬಾರದೆಂದು ಎಲ್ಲೋ ಕೇಳುತ್ತಾರೆ, ನಿಮ್ಮ ವಿಡಿಯೊ 10 ನಿಮಿಷದ್ದು. 100 ಎಂಬಿ ಎಂದರೆ 800 ಮೆಗಾಬಿಟ್. 600 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ 1.33 ಮೆಗಾಬಿಟ್, ಧ್ವನಿಗೆ 0.1 ತೆಗೆದಿಟ್ಟು, ಡಬ್ಬಿಯ ಖರ್ಚಿಗೆ ತುಸು ಬಿಟ್ಟರೆ ಚಿತ್ರಕ್ಕೆ 1.2. ಇಂಥಲ್ಲಿ ಟು ಪಾಸ್ ವಿಧಾನ ಬಳಸಬೇಕು. ಎನ್‌ಕೋಡರ್ ಮೊದಲ ಸುತ್ತಿನಲ್ಲಿ ವಿಡಿಯೊ ಪೂರ್ತಿ ನೋಡಿ ಯಾವ ದೃಶ್ಯ ಕಷ್ಟದ್ದೆಂದು ಗುರುತುಹಾಕಿಕೊಳ್ಳುತ್ತದೆ, ಎರಡನೆಯ ಸುತ್ತಿನಲ್ಲಿ ಇರುವ ಬಿಟ್‌ಗಳನ್ನು ಅದಕ್ಕೆ ತಕ್ಕಂತೆ ಹಂಚುತ್ತದೆ. 1.2 ಮೆಗಾಬಿಟ್‌ನಲ್ಲಿ ಚಲನೆ ಹೆಚ್ಚಿರುವ 1080ಪಿ ನರಳುತ್ತದೆ, 720ಪಿಗೆ ಇಳಿಸಿದರೆ ಉಸಿರಾಡುತ್ತದೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಹತ್ತೂ ನಿಮಿಷ ಬೇಕೇ? ಆರಂಭದಲ್ಲಿ ಕ್ಯಾಮೆರಾ ಸರಿಪಡಿಸಿದ್ದು, ಕೊನೆಯಲ್ಲಿ ಎದ್ದುಬಂದು ನಿಲ್ಲಿಸಿದ್ದು, ನಡುವೆ ಯಾರೋ ಬಂದು ಮಾತಾಡಿದ್ದು ಹೋದರೆ ಗುಣಮಟ್ಟಕ್ಕೆ ಒಂದಿಷ್ಟೂ ಧಕ್ಕೆಯಿಲ್ಲದೆ ಗಾತ್ರ ಇಳಿಯುತ್ತದೆ. ಹಾಗೆ ಕತ್ತರಿಸುವುದನ್ನು ಮರು ಎನ್‌ಕೋಡ್ ಇಲ್ಲದೆಯೂ ಮಾಡಬಹುದು, ಕತ್ತರಿ ಬೀಳುವುದು ಪೂರ್ಣವಾಗಿ ಬರೆದ ಫ್ರೇಮಿನ ಬಳಿ ಮಾತ್ರವಾದ್ದರಿಂದ ಒಂದೆರಡು ಸೆಕೆಂಡು ಆಚೀಚೆ ಆಗುತ್ತದೆ, ಅಷ್ಟೇ.

ಎರಡನೆಯ ಸಂಜೆಯ ಒಂದೂವರೆ ಗಂಟೆಯ ವಿಡಿಯೊವನ್ನು ಕೊನೆಗೆ 1080ಪಿ, ಎಚ್.265, 10 ಬಿಟ್, ಸ್ಲೋ ಪ್ರಿಸೆಟ್, ಹಗುರ ನಾಯ್ಸ್ ಫಿಲ್ಟರ್, ಎಕ್ಸ್265ರ ಅಳತೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಿ ಆರಿಸಿದ ಸಿಆರ್‌ಎಫ್ 22, ಧ್ವನಿ ಮೂಲದ್ದೇ, ಎಂದು ಎನ್‌ಕೋಡ್ ಮಾಡಿದೆ. ರಾತ್ರಿಯಿಡೀ ಓಡಿ ಬೆಳಿಗ್ಗೆ 2.1 ಜಿಬಿಯ ಫೈಲ್ ಸಿದ್ಧವಾಗಿತ್ತು. ಅದನ್ನು ಆರಂಭದಲ್ಲಿ, ನಡುವೆ, ಕೊನೆಯಲ್ಲಿ ತೆರೆದು ನೋಡಿ, ಅವಧಿ ಮೂಲದಷ್ಟೇ ಇದೆಯೆಂದೂ ಕಡೆಯ ನಿಮಿಷದಲ್ಲಿಯೂ ತುಟಿಗೂ ಮಾತಿಗೂ ಹೊಂದಿಕೆಯಿದೆಯೆಂದೂ ಖಚಿತಪಡಿಸಿಕೊಂಡೆ. ಫೋನಿನ ವಿಡಿಯೊಗಳಲ್ಲಿ ಫ್ರೇಮ್ ದರ ಏರಿಳಿಯುವುದರಿಂದ ಈ ಹೊಂದಿಕೆ ಕೊನೆಗೆ ತಪ್ಪುವ ಸಾಧ್ಯತೆ ಇರುತ್ತದೆ. ಮೂಲವನ್ನು ಅಳಿಸಲಿಲ್ಲ. ಅದು ಈಗ ಬೇರೆ ಹಾರ್ಡ್ ಡಿಸ್ಕಿನಲ್ಲಿದೆ.

ಮೊದಲ ಕಂತಿನ ನಮೂನೆಯನ್ನು ದೊಡ್ಡಮ್ಮ ನನಗಾಗಿ ಮತ್ತೊಮ್ಮೆ ಹೆಣೆದು ತೋರಿಸಲು ಒಪ್ಪಿದರು. ಈ ಸಲ ಅವರ ಎಡಗಡೆ ಒಂದು ಟೇಬಲ್ ದೀಪವನ್ನಿಟ್ಟೆ. ಅವರೂ ಕಡುನೀಲಿಯನ್ನು ಬಿಟ್ಟು ಹಾಲುಬಿಳಿ ಉಣ್ಣೆಯನ್ನು ಎತ್ತಿಕೊಂಡರು. ಫೋನಿನ ಮೂಲ ಫೈಲಿನ ಗಾತ್ರದಲ್ಲಿ ಏನೂ ವ್ಯತ್ಯಾಸವಾಗಲಿಲ್ಲ, ಏಕೆಂದರೆ ಅದು ದೃಶ್ಯ ಸುಲಭವೋ ಕಷ್ಟವೋ ನೋಡದೆ ಹೆಚ್ಚುಕಡಿಮೆ ಒಂದೇ ಬಿಟ್‌ರೇಟಿನಲ್ಲಿ ಬರೆಯುತ್ತದೆ. ಆದರೆ ಅಷ್ಟೇ ಅವಧಿಯ ಆ ವಿಡಿಯೊವನ್ನು, ನಾಯ್ಸ್ ಫಿಲ್ಟರಿನ ಹಂಗಿಲ್ಲದೆ, ಅದೇ ಸಿಆರ್‌ಎಫ್ 22ರಲ್ಲಿ ಎನ್‌ಕೋಡ್ ಮಾಡಿದಾಗ ಬಂದ ಗಾತ್ರ 1.2 ಜಿಬಿ. ಅದರಲ್ಲಿ ಕುಣಿಕೆಗಳಷ್ಟೇ ಅಲ್ಲ, ದಾರದ ಹುರಿಯೂ ಕಾಣುತ್ತದೆ.